ರಾಹುಕಾಲಕ್ಕೆ ಮುಂಚೆ ಹೊರಟ ರ‍್ಯಾಕೆಟ್‌ಗಳು

ಇಂಗ್ಲೆಂಡಿನ ಟೆನ್ನಿಸ್ ಆಟಗಾರರೆಂದರೆ ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವವರು, ಅವರ ಚೀಲ ಹೊರುವುದಕ್ಕೂ ಒಬ್ಬ ಆಳಿರುತ್ತಾನೆ ಎಂದು ನಾನು ಬಹಳ ಕಾಲ ನಂಬಿದ್ದೆ. ಟಿವಿಯಲ್ಲಿ ವರ್ಷಕ್ಕೊಮ್ಮೆ ಬಿಳಿ ಬಟ್ಟೆ ತೊಟ್ಟು ಹುಲ್ಲಿನ ಮೇಲೆ ಆಡುವವರನ್ನು ನೋಡಿ ಬೆಳೆಸಿಕೊಂಡಿದ್ದ ನಂಬಿಕೆ ಅದು. ಬಸವನಗುಡಿಯ ನಮ್ಮ ಮನೆಯ ಮಹಡಿ ಕೋಣೆಗೆ ಆ ದೇಶದ ಇಬ್ಬರು ಆಟಗಾರ್ತಿಯರು ಬಂದಿಳಿದ ದಿನ ಆ ಭ್ರಮೆ ಹರಿಯಿತು. ಆಟೋದಿಂದ ಇಳಿದರು, ಆಳುದ್ದದ ಚೀಲಗಳನ್ನು ತಾವೇ ಬೆನ್ನಿಗೇರಿಸಿಕೊಂಡು ಮೆಟ್ಟಿಲು ಹತ್ತಿದರು, ಕೋಣೆಯನ್ನು ಸರಿಯಾಗಿ ನೋಡುವ ಮೊದಲೇ "ಬಟ್ಟೆ ಒಗೆಯೋದೆಲ್ಲಿ?" ಎಂದು ಕೇಳಿದರು.

ಅವರನ್ನು ತಂದು ನನ್ನ ತಲೆಗೆ ಕಟ್ಟಿದವರು ನಮ್ಮೆಜಮಾನರು. ಅವರ ಸ್ನೇಹಿತರೊಬ್ಬರು ಮಲ್ಲೇಶ್ವರದ ಕಡೆಯ ಒಂದು ಕ್ಲಬ್ಬಿನಲ್ಲಿ ಸದಸ್ಯರು. ಅಲ್ಲಿ ಹೆಂಗಸರ ಸಣ್ಣದೊಂದು ಅಂತರರಾಷ್ಟ್ರೀಯ ಟೂರ್ನಿ ನಡೆಯುವುದಿತ್ತು. ಸಣ್ಣ ಟೂರ್ನಿಗೆ ಬರುವವರು ಹೋಟೆಲಿನ ಬಾಡಿಗೆ ಕೊಟ್ಟು ಪೂರೈಸಲಾರರಂತೆ, ಮನೆಗಳಲ್ಲಿ ಕೋಣೆ ಹುಡುಕುತ್ತಾರಂತೆ. ನಮ್ಮ ಮಹಡಿ ಖಾಲಿಯಿತ್ತು. ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದುಬಿಟ್ಟಿದ್ದರು.

"ಒಂದೆರಡು ವಾರ ತಾನೇ?" ಅಂದರು.

"ಒಂದೆರಡು ವಾರ ಅಡುಗೆ ಮಾಡೋರ್ಯಾರು ಸ್ವಾಮಿ, ನೀವಾ?" ಅಂದೆ ನಾನು. ನನ್ನ ಬಾಯಿ ಸ್ವಲ್ಪ ಜೋರು. ನಮ್ಮ ಅತ್ತೆಯದು ಇನ್ನೂ ಜೋರು, ಆದ್ದರಿಂದಲೇ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ಇಬ್ಬರ ಹೆಸರೂ ಅತ್ತೆಯ ನಾಲಿಗೆಗೆ ಹೊರಳಲಿಲ್ಲ. ಅವರು ಮೊದಲ ದಿನವೇ ಒಬ್ಬಳನ್ನು ದೊಡ್ಡವಳು, ಇನ್ನೊಬ್ಬಳನ್ನು ಚಿಕ್ಕವಳು ಎಂದು ಕರೆದು ಕೆಲಸ ಸುಲಭ ಮಾಡಿಕೊಂಡರು. ದೊಡ್ಡವಳು ಮೂವತ್ತರ ಹತ್ತಿರ ಬಂದಿದ್ದಳು. ಎತ್ತರದ ಆಳು, ಕಡಿಮೆ ಮಾತು, ತಟ್ಟೆಗೆ ಹಾಕಿದ್ದನ್ನೆಲ್ಲ ಖಾಲಿ ಮಾಡುವವಳು. ಚಿಕ್ಕವಳು ಆಗತಾನೇ ಕಾಲೇಜು ಮುಗಿಸಿದ ವಯಸ್ಸಿನವಳು, ಒಂದು ಕ್ಷಣ ಕೂತಲ್ಲಿ ಕೂರದವಳು. ಬಂದ ಮಾರನೆಯ ದಿನ ಗಾಂಧಿ ಬಜಾರಿಗೆ ಹೋಗಿ ಒಂದು ಮೊಳ ಮಲ್ಲಿಗೆ ತಂದು ತನ್ನ ಟೋಪಿಗೆ ಸುತ್ತಿಕೊಂಡು ನಿಂತಿದ್ದಳು. ಅವರು ಆಡುತ್ತಿದ್ದುದೆಲ್ಲ ಇಂಗ್ಲಿಷಿನಲ್ಲಿ. ಆದರೆ ಅತ್ತೆಗೆ ಹೇಳಿ ಹೇಳಿ ನನ್ನ ನೆನಪಿನಲ್ಲಿ ಆ ಮಾತುಗಳೆಲ್ಲ ಈಗ ಕನ್ನಡದಲ್ಲೇ ಉಳಿದಿವೆ.

ಸಂಜೆ ಅಭ್ಯಾಸ ಮುಗಿಸಿ ಬಂದು, ಇಬ್ಬರೂ ನಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತು ಫೋನು ನೋಡುತ್ತಿದ್ದರು. ಅವರಂಥ ಹುಡುಗಿಯರು, ಹುಡುಗರು ಅವರ ದೇಶದಿಂದ ಹೊರಟು ಆ ವಾರ ಟುನೀಷಿಯಾ, ಟರ್ಕಿ, ಪೋರ್ಚುಗಲ್ ಅಂತ ಎಲ್ಲೆಲ್ಲೋ ಆಡುತ್ತಿದ್ದರು. ಟೆನ್ನಿಸಿನ ಏಣಿಯ ಕೆಳಗಿನ ಮೆಟ್ಟಿಲುಗಳಂತೆ ಇವೆಲ್ಲ. ಇಲ್ಲಿ ಗೆದ್ದು ಪಾಯಿಂಟು ಕೂಡಿಸಿಕೊಂಡರೆ ರ‍್ಯಾಂಕಿಂಗ್ ಏರುತ್ತದೆ, ಏರಿದರೆ ಮೇಲಿನ ಮೆಟ್ಟಿಲಿನವರು ಒಳಗೆ ಬಿಡುತ್ತಾರೆ. ಟಿವಿಯಲ್ಲಿ ಬರುವವರು ತುತ್ತತುದಿಯಲ್ಲಿ ಕೂತವರು. ಅತ್ತೆಗೆ ಇದು ತಟ್ಟನೆ ಅರ್ಥವಾಯಿತು. "ನಿನ್ನ ಗಂಡನ ಪ್ರಮೋಷನ್ ಥರ ಅನ್ನು. ಸದ್ಯ, ಇವರಾದರೂ ಓಡಾಡ್ತಾರೆ" ಅಂದರು. ನಮ್ಮೆಜಮಾನರು ಪೇಪರಿನ ಹಿಂದಿನಿಂದ ತಲೆಯೆತ್ತಲಿಲ್ಲ. ದಿನಾ ಸಂಜೆ ದೀಪ ಹಚ್ಚಿ ಹೊರಗೆ ಬಂದು, "ನಿಮ್ಮೂರಿನವರೆಲ್ಲ ಏನಾದ್ರು ಇವತ್ತು?" ಎಂದು ಅತ್ತೆ ಕೇಳುವುದು, ಟರ್ಕಿಯವಳು ಸೆಮಿಫೈನಲಿಗೆ ಹೋದಳು, ಟುನೀಷಿಯಾದವನು ಕಾಲು ಉಳುಕಿಸಿಕೊಂಡ ಎಂದು ಚಿಕ್ಕವಳು ವರದಿ ಕೊಡುವುದು ಒಂದು ಪದ್ಧತಿಯೇ ಆಯಿತು. ಕಾಲು ಉಳುಕಿದವನಿಗೆ ಹುಣಸೆಹಣ್ಣು, ಉಪ್ಪು ಬಿಸಿ ಮಾಡಿ ಪಟ್ಟು ಹಾಕಲು ಹೇಳು ಎಂದು ಅತ್ತೆ ಟುನೀಷಿಯಾಕ್ಕೆ ಸಂದೇಶವನ್ನೂ ಕಳಿಸಿದರು.

ಇಬ್ಬರೂ ಅರ್ಹತಾ ಪಂದ್ಯ ಆಡಿ ಮುಖ್ಯ ಸುತ್ತಿಗೆ ಹೋಗಬೇಕಿತ್ತು. ಭಾನುವಾರ ಇಬ್ಬರೂ ಗೆದ್ದರು. ನಾನು ಶಾವಿಗೆ ಪಾಯಸ ಮಾಡಿದೆ. ಸೋಮವಾರ ಇನ್ನೊಂದು ಗೆದ್ದರೆ ಆಯಿತು. ಸಂಜೆ ನಾಳೆಯ ಪಂದ್ಯಗಳ ವಿವರ ಫೋನಿಗೆ ಬಂತು. ನೋಡಿದರೆ, ನಮ್ಮ ದೊಡ್ಡವಳಿಗೆ ಎದುರಾಗಿ ನಮ್ಮ ಚಿಕ್ಕವಳೇ!

"ಇದ್ಯಾವ ನ್ಯಾಯ? ಒಂದೇ ತಟ್ಟೇಲಿ ಉಂಡವರನ್ನ ಕಾದಾಡಿಸ್ತಾರಾ?" ಎಂದು ಅತ್ತೆ ಸಿಟ್ಟಾದರು. ಹುಡುಗಿಯರಿಬ್ಬರೂ ನಕ್ಕರು. ಅವರಿಗೆ ಇದು ಹೊಸದಲ್ಲ.

ಆದರೆ ನಾನು ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ದೊಡ್ಡವಳು ಒಬ್ಬಳೇ ಪ್ಯಾರಪೆಟ್ಟಿಗೆ ಒರಗಿ ನಿಂತಿದ್ದಳು. ಮುಖ ಬಾಡಿತ್ತು. ಏನಾಯ್ತಮ್ಮ ಅಂದೆ. ಹೇಳಿದಳು. ಕಳೆದ ವರ್ಷ ಇದೇ ವಾರ ಬೇರೊಂದು ಊರಿನಲ್ಲಿ ಗಳಿಸಿದ್ದ ಪಾಯಿಂಟು ಈ ವಾರ ಕಳಚಿ ಹೋಗುತ್ತದೆ. ವರ್ಷ ತುಂಬಿದ ಪಾಯಿಂಟಿಗೆ ಬೆಲೆಯಿಲ್ಲವಂತೆ. ನಾಳೆ ಗೆದ್ದು, ಮುಖ್ಯ ಸುತ್ತಿನಲ್ಲೂ ಒಂದು ಪಂದ್ಯ ಗೆದ್ದರೆ ಹೊಸ ಪಾಯಿಂಟು ಸಿಕ್ಕಿ ಅವಳ ಹೆಸರು ರ‍್ಯಾಂಕಿಂಗಿನಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಊರಿನ ಶಾಲೆಯೊಂದು ಆಟದ ಟೀಚರ್ ಕೆಲಸಕ್ಕೆ ಕರೆದಿದೆ, ಹೂಂ ಅಂದು ಮನೆಗೆ ಹೋಗಿಬಿಡುತ್ತಾಳೆ. ಅವಳ ಅಪ್ಪ ಬಸ್ ಡ್ರೈವರು. ಚಿಕ್ಕಂದಿನಿಂದ ಅವಳನ್ನು ಕೋರ್ಟಿನಿಂದ ಕೋರ್ಟಿಗೆ ಕರೆದೊಯ್ದವರು. "ಇನ್ನೊಂದು ವರ್ಷ ನೋಡು ಅಂತ ಅಪ್ಪ ಪ್ರತಿ ವರ್ಷ ಅಂತಾರೆ. ಇನ್ನು ಅವರ ಬಾಯಲ್ಲಿ ಅದನ್ನ ಹೇಳಿಸೋಕೆ ನನಗೆ ನಾಚಿಕೆ" ಅಂದಳು. ಆಮೇಲೆ ನನ್ನ ಕೈ ಹಿಡಿದು, "ಇದು ಚಿಕ್ಕವಳಿಗೆ ಗೊತ್ತಾಗಬಾರದು ಆಂಟಿ. ಗೊತ್ತಾದರೆ ಅವಳು ಪೂರ್ತಿ ಮನಸ್ಸಿಟ್ಟು ಆಡಲ್ಲ" ಅಂದಳು.

ಚಿಕ್ಕವಳಿಗೆ ಹೇಳಲಿಲ್ಲ, ನಿಜ. ಅತ್ತೆಗೆ ಹೇಳದೆ ಇರಲಾಗಲಿಲ್ಲ. ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದವರ ಮುಂದೆ ಎಲ್ಲ ಕಕ್ಕಿಬಿಟ್ಟೆ. ಅವರು ಸೊಪ್ಪು ಕೆಳಗಿಟ್ಟರು.

"ನಾಳೆ ಎಷ್ಟೊತ್ತಿಗೆ ಹೊರಡೋದು?"

"ಎಂಟಕ್ಕೆ."

"ಸೋಮವಾರ ಕಣೇ! ಏಳೂವರೆಯಿಂದ ಒಂಬತ್ತು ರಾಹುಕಾಲ! ಇಂಥಾ ಕೆಲಸಕ್ಕೆ ರಾಹುಕಾಲದಲ್ಲಿ ಹೊಸ್ತಿಲು ದಾಟ್ತಾರಾ ಯಾರಾದ್ರೂ?"

ಏಳಕ್ಕೇ ಹೊರಡಿ ಎಂದು ಕೇಳಿ ನೋಡಿದೆ. ನಿದ್ದೆ, ತಿಂಡಿ, ಮೈ ಬಿಸಿ ಮಾಡಿಕೊಳ್ಳುವುದು ಎಲ್ಲಕ್ಕೂ ಗಡಿಯಾರ ಇಟ್ಟುಕೊಂಡವರು ಅವರು, ಆಗುವುದಿಲ್ಲ ಅಂದರು. ಅತ್ತೆ ಸೋಲುವವರಲ್ಲ. "ಹಾಗಾದ್ರೆ ಪರಸ್ಥಾನ ಇಡೋಣ" ಅಂದರು. ಒಳ್ಳೆಯ ಹೊತ್ತಿನಲ್ಲಿ ನಾವೇ ಹೊರಡಲಾಗದಿದ್ದರೆ ನಮ್ಮ ಸಾಮಾನೊಂದನ್ನು ಆ ಹೊತ್ತಿಗೆ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ, ದಾರಿಯಲ್ಲಿ ಅದನ್ನೆತ್ತಿಕೊಂಡು ಹೋದರಾಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಸೂಟ್‌ಕೇಸು ಹೀಗೆ ಎಷ್ಟೋ ಸಲ ಎದುರುಮನೆಯಲ್ಲಿ ಕೂತದ್ದುಂಟು.

"ಇಬ್ಬರದ್ದೂ ಇಡೋದಾ?" ಅಂದೆ.

"ಇಬ್ಬರದ್ದೂ ಇಟ್ಟರೆ ದೇವರಾದ್ರೂ ಏನ್ ಮಾಡ್ತಾನೆ ಪಾಪ. ಅಗತ್ಯ ಇರೋಳದ್ದು ಇಡೋಣ."

ದೊಡ್ಡವಳಿಗೆ ವಿವರಿಸಿದೆ. ಅವಳು ಬಹಳ ಹೊತ್ತು ನಕ್ಕು, "ನನ್ನ ಆಟ ಈಗಿರೋ ಸ್ಥಿತೀಲಿ ಯಾರ ಸಹಾಯವನ್ನೂ ಬೇಡ ಅನ್ನಲ್ಲ ಆಂಟಿ" ಎಂದು ರ‍್ಯಾಕೆಟ್‌ಗಳ ಚೀಲವನ್ನೇ ಎತ್ತಿ ಕೊಟ್ಟಳು.

ಬೆಳಗ್ಗೆ ಏಳಕ್ಕೆ ಅತ್ತೆ ಚೀಲಕ್ಕೆ ಕುಂಕುಮ ಇಟ್ಟು, ಮಗನ ಹೆಗಲಿಗೆ ಹೊರಿಸಿ, ಎದುರುಮನೆ ಮೇಷ್ಟ್ರ ಮನೆಗೆ ಹೊರಟರು. ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದವರು, ಗಂಡ ಹೆಂಡತಿ ಇಬ್ಬರೇ ಇರುವುದು. ಅವರ ಹೆಂಡತಿ ಚೀಲವನ್ನು ನಡುಮನೆಯಲ್ಲಿ, ದೇವರ ಕೋಣೆಯ ಪಕ್ಕದಲ್ಲಿ ಇಡಿಸಿದರು. ಎಂಟಕ್ಕೇ ಬಂದು ಒಯ್ಯುತ್ತೇವೆ ಎಂದು ಹೇಳಲು ನಮ್ಮವರಿಗೆ ನೆನಪಾಗಲಿಲ್ಲ. ಅಷ್ಟು ಬೆಳಗ್ಗೆ ಆಕೆ ರೇಷ್ಮೆ ಸೀರೆ ಉಟ್ಟಿದ್ದನ್ನು ಅತ್ತೆ ನೋಡಿದರು. ಅಂಚು ಎಷ್ಟು ಚೆನ್ನಾಗಿದೆ ಎಂದು ಹೊಗಳಿಯೂ ಬಂದರು. ಎಲ್ಲಿಗೆ ಹೊರಟಿದೀರಿ ಎಂದು ಮಾತ್ರ ಕೇಳಲಿಲ್ಲ. ಹೊರಟು ನಿಂತವರನ್ನು ಎಲ್ಲಿಗೆ ಅಂತ ಕೇಳಬಾರದಲ್ಲ!

ಎಂಟಕ್ಕೆ ಆಟೋ ಬಂತು. ನಾನೂ ಆಫೀಸಿಗೆ ರಜೆ ಹಾಕಿ ಹೊರಟಿದ್ದೆ. ಚೀಲ ತರಲು ಎದುರುಮನೆಗೆ ಹೋದರೆ ಬಾಗಿಲಿಗೆ ಅಂಗೈಯಗಲದ ಬೀಗ. ಪಕ್ಕದ ಮನೆಯ ಕೆಲಸದಾಕೆ ಗುಡಿಸುತ್ತಿದ್ದವಳು ಹೇಳಿದಳು: "ಮದುವೆ ಮನೆಗೆ ಹೋದ್ರಲ್ಲಮ್ಮ. ಹನುಮಂತನಗರದಾಗೆ ಛತ್ರವಂತೆ. ರಾಹುಕಾಲ ಬರೋಕ್ ಮುಂಚೆ ಹೊರಡಬೇಕು ಅಂತ ಓಡ್ತಾ ಓಡ್ತಾ ಹೋದ್ರು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೇ ರಾಹುಕಾಲಕ್ಕೆ ಹೆದರಿ ನಾವು ಚೀಲ ತಂದು ಒಳಗಿಟ್ಟಿದ್ದೆವು, ಅವರು ಬೀಗ ಜಡಿದು ಹೊರಗೆ ಹೋಗಿದ್ದರು! ಫೋನು ಮಾಡಿದರೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಓಲಗದ ಸದ್ದಿನಲ್ಲಿ ಯಾರಿಗೆ ಕೇಳಿಸಬೇಕು? ನಮ್ಮೆಜಮಾನರು ಸ್ಕೂಟರ್ ತೆಗೆದರು. ಯಾವ ಛತ್ರವೆಂದು ಗೊತ್ತಿಲ್ಲ. "ಹನುಮಂತನಗರದಲ್ಲಿರೋ ಛತ್ರಗಳನ್ನೆಲ್ಲ ನೋಡ್ತೀನಿ, ನೀವು ಹೊರಡಿ" ಅಂದರು. ಅತ್ತೆ ಗೇಟು ಹಿಡಿದು ನಿಂತೇ ಇದ್ದರು. ಆ ಬಾಯಿ ಮೊದಲ ಸಲ ಮುಚ್ಚಿದ್ದನ್ನು ಕಂಡೆ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಆಟೋದಲ್ಲಿ ದೊಡ್ಡವಳು ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕರೆದ ಹೊತ್ತಿಗೆ ಅಂಗಳಕ್ಕಿಳಿಯದಿದ್ದರೆ ಎದುರಾಳಿ ಆಡದೆಯೇ ಗೆದ್ದ ಹಾಗೆ. ಎದುರಾಳಿ ಅವಳ ಪಕ್ಕದಲ್ಲೇ ಕೂತಿದ್ದಳು. ಮೈಸೂರು ಬ್ಯಾಂಕ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಚಿಕ್ಕವಳು ತನ್ನ ಚೀಲದ ಜಿಪ್ಪು ಎಳೆದು, ಎರಡು ರ‍್ಯಾಕೆಟ್ ತೆಗೆದು ದೊಡ್ಡವಳ ತೊಡೆಯ ಮೇಲೆ ಇಟ್ಟಳು. "ಹಿಡಿ ಸಣ್ಣದಾಗುತ್ತೆ, ಇನ್ನೊಂದು ಸುತ್ತು ಟೇಪು ಸುತ್ತು" ಅಂದಳು, ಅಷ್ಟೇ. ದೊಡ್ಡವಳು ಟೇಪು ಸುತ್ತತೊಡಗಿದಳು. ಆ ಹುಡುಗಿಯನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು. ಜೊತೆಗೇ, ನಿನ್ನೆ ತಾರಸಿಯ ಮೇಲೆ ಕೇಳಿದ್ದನ್ನು ಇವಳ ಕಿವಿಯಲ್ಲಿ ಊದಿಬಿಟ್ಟರೆ ಹೇಗೆ ಎಂದೂ ಅನ್ನಿಸಿತು. ನಾಲಿಗೆ ತುದಿಗೇ ಬಂದಿತ್ತು. ಕಷ್ಟಪಟ್ಟು ನುಂಗಿಕೊಂಡೆ.

ನೋಡಲು ಬಂದವರೆಂದರೆ ಬೆಳಗಿನ ವಾಕಿಂಗ್ ಮುಗಿಸಿದ ಕ್ಲಬ್ಬಿನ ಕೆಲವು ಹಿರಿಯರು, ಬೇರೆ ದೇಶದ ಆಟಗಾರ್ತಿಯರು ಒಂದಿಬ್ಬರು, ನಾನು. ಚೆಂಡು ಹೆಕ್ಕುವವರೂ ಇಲ್ಲ, ಇವರೇ ಓಡಿ ಹೆಕ್ಕಿಕೊಳ್ಳಬೇಕು. ಎರವಲು ರ‍್ಯಾಕೆಟ್ಟಿನಲ್ಲಿ ದೊಡ್ಡವಳು ಮೊದಲ ಸೆಟ್ ಗೆದ್ದೇಬಿಟ್ಟಳು! ನಾನು ಚಪ್ಪಾಳೆ ತಟ್ಟಿದೆ. ಮರುಕ್ಷಣ ಚಿಕ್ಕವಳ ಮುಖ ನೋಡಿ ಅವಳಿಗೂ ತಟ್ಟಿದೆ. ಒಂದು ಕಡೆ ತಟ್ಟಿದರೆ ಇನ್ನೊಂದು ಕಡೆ ಪಾಪ ಸುತ್ತಿಕೊಳ್ಳುವ ಆಟ ನೋಡಿದ್ದು ಅದೇ ಮೊದಲು.

ಎರಡನೆಯ ಸೆಟ್ಟಿನ ನಡುವೆ ಗೇಟಿನ ಬಳಿ ಗದ್ದಲ. ನಮ್ಮೆಜಮಾನರ ಸ್ಕೂಟರಿನ ಹಿಂದೆ ಮೇಷ್ಟ್ರು, ಜರಿ ಪಂಚೆ, ಶಲ್ಯ, ಹಣೆಗೆ ಗಂಧ, ಬೆನ್ನಿಗೆ ರ‍್ಯಾಕೆಟ್‌ಗಳ ಚೀಲ, ಕೈಯಲ್ಲಿ ಮದುವೆ ಮನೆಯ ತೆಂಗಿನಕಾಯಿ ತಾಂಬೂಲ. ಮುಹೂರ್ತಕ್ಕೂ ನಿಲ್ಲದೆ ಎದ್ದು ಬಂದಿದ್ದರು. "ತಪ್ಪಾಯ್ತಮ್ಮ, ತಪ್ಪಾಯ್ತು" ಎಂದು ಬೇಲಿಯ ಹೊರಗಿನಿಂದಲೇ ದೊಡ್ಡವಳಿಗೆ ಕೈಮುಗಿದರು. ಅಂಪೈರ್ ಏನು ತಿಳಿದುಕೊಂಡರೋ, ಅವರೂ ತಲೆಬಾಗಿದರು. ಆಟಗಾರ್ತಿಯರು ಕಡೆ ಬದಲಿಸುವ ವಿರಾಮದಲ್ಲಿ ಚೀಲ ಒಳಗೆ ಹೋಯಿತು.

ಇನ್ನು ಗೆದ್ದ ಹಾಗೆಯೇ ಅಂದುಕೊಂಡೆ. ಎಲ್ಲಿಯ ಮಾತು? ಅಷ್ಟರಲ್ಲಿ ಚಿಕ್ಕವಳಿಗೆ ಮೈಮೇಲೆ ಬಂದಂತಾಗಿತ್ತು. ಮುಟ್ಟಿದ್ದೆಲ್ಲ ಗೆರೆಯ ಮೇಲೆಯೇ ಬೀಳುತ್ತಿತ್ತು. ಎರಡನೆಯ ಸೆಟ್ ಹೋಯಿತು. ಮೂರನೆಯದನ್ನು ದೊಡ್ಡವಳು ಕೊನೆಯವರೆಗೂ ಎಳೆದಳು, ಎಳೆದಳು, ಮತ್ತೆ ಸೋತಳು. ನೆಟ್ಟಿನ ಹತ್ತಿರ ಇಬ್ಬರೂ ತಬ್ಬಿಕೊಂಡಾಗ ನನ್ನ ಕಣ್ಣು ತುಂಬಿತು.

"ನಮ್ಮಿಂದ ಹೀಗಾಯ್ತಲ್ಲಮ್ಮ, ಆ ರ‍್ಯಾಕೆಟ್ ಗಲಾಟೇಲಿ..." ಎಂದು ನಾನು ಶುರು ಮಾಡಿದೆ.

"ಅವಳ ರ‍್ಯಾಕೆಟ್ಟಲ್ಲಿ ಗೆದ್ದೆ, ನನ್ನದರಲ್ಲಿ ಸೋತೆ ಆಂಟಿ. ರ‍್ಯಾಕೆಟ್ಟದ್ದೇನು ತಪ್ಪು? ಅವಳು ಚೆನ್ನಾಗಿ ಆಡಿದಳು" ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಇವಳ ಮುಂದೆ ನಡೆಯುವುದಿಲ್ಲ.

ಆ ಸಂಜೆ ದೊಡ್ಡವಳು ಮೇಲೆ ಬಟ್ಟೆ ಮಡಿಸಿ ಸೂಟ್‌ಕೇಸಿಗೆ ಹಾಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಜಗುಲಿಯಲ್ಲಿದ್ದ ಚಿಕ್ಕವಳ ಪಕ್ಕ ಕೂತು, ಅವಳು ಆಟ ಬಿಟ್ಟು ಹೋಗುತ್ತಿದ್ದಾಳೆ ಎಂದು ಹೇಳಿಯೇಬಿಟ್ಟೆ.

"ನನಗೆ ಗೊತ್ತಿತ್ತು. ಅವಳು ಟೀಚರ್ ಕೆಲಸದ ವಿಷಯ ಫೋನಲ್ಲಿ ಮಾತಾಡಿದ್ದು ಕೇಳಿಸ್ಕೊಂಡಿದ್ದೆ."

"ಗೊತ್ತಿದ್ದೂ ಹಾಗೆ ಆಡಿದ್ಯಾ?" ನನ್ನ ದನಿ ಏರಿತು, ಸುಳ್ಳೇಕೆ ಹೇಳಲಿ.

"ನಾನು ಬಿಟ್ಟುಕೊಟ್ಟಿದ್ದರೆ ಅವಳಿಗೆ ಮೊದಲ ಹೊಡೆತಕ್ಕೇ ತಿಳೀತಿತ್ತು ಆಂಟಿ. ಆಮೇಲೆ ಜೀವಮಾನವಿಡೀ ನನ್ನ ಜೊತೆ ಮಾತಾಡ್ತಿರಲಿಲ್ಲ." ಹೇಳುತ್ತ ಹೇಳುತ್ತ ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನು ಬೆನ್ನು ಸವರಿದೆ. ಅತ್ತೆ ಒಳಗಿನಿಂದ ಕಾಫಿ ತಂದು ಅವಳ ಮುಂದಿಟ್ಟರು.

ಕಾಫಿ ಕುಡಿದವಳು ಮೂಗು ಒರೆಸಿಕೊಂಡು, ಇನ್ನೊಂದು ದಾರಿಯಿದೆ ಅಂದಳು. ಮುಖ್ಯ ಸುತ್ತಿನಲ್ಲಿ ಯಾರಾದರೂ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರೆ, ಅರ್ಹತಾ ಪಂದ್ಯದ ಕೊನೆಯ ಸುತ್ತಿನಲ್ಲಿ ಸೋತವರಿಗೆ ಆ ಜಾಗ ಸಿಗುತ್ತದೆ. ಲಕ್ಕಿ ಲೂಸರ್ ಅನ್ನುತ್ತಾರೆ. ಸೋತವರಲ್ಲಿ ದೊಡ್ಡವಳ ರ‍್ಯಾಂಕಿಂಗೇ ಮೇಲಿನದು, ಮೊದಲ ಸರದಿ ಅವಳದೇ. ಆದರೆ ಬೆಳಗ್ಗೆಯೇ ಹೋಗಿ ಸಹಿ ಹಾಕಿ ಅಲ್ಲೇ ಕಾದಿರಬೇಕು. "ಅವಳು ಬೇಡ ಅಂತಾಳೆ, ಎಳಕೊಂಡು ಹೋಗ್ತೀನಿ" ಅಂದಳು. ಮಹಡಿಗೆ ಹೋಗಿ ಅದೇನು ಜಗಳವಾಡಿದಳೋ, ಕೆಳಗಿನವರೆಗೂ ಸದ್ದು ಕೇಳಿಸಿತು. ಕೊನೆಗೆ ಸೂಟ್‌ಕೇಸು ಧಡ್ ಎಂದು ಮುಚ್ಚಿಕೊಂಡಿತು.

ಮಂಗಳವಾರ ಅತ್ತೆಯೂ ಮೊಸರನ್ನದ ಡಬ್ಬಿ ಹಿಡಿದು ಬಂದರು. ದೊಡ್ಡವಳು ಸಹಿ ಹಾಕಿ ಬಂದು ನಮ್ಮ ಪಕ್ಕ ಬೆಂಚಿನ ಮೇಲೆ ಕೂತಳು. ಅತ್ತೆಗೆ ಆಗ ಧರ್ಮಸಂಕಟ ಶುರುವಾಯಿತು.

"ಈಗ ದೇವರ ಹತ್ರ ಏನಂತ ಕೇಳ್ಕೊಳ್ಳೋದೇ? ಯಾರಿಗಾದ್ರೂ ಕಾಲು ಉಳುಕಲಿ ಅಂತಾನಾ? ಹೊಟ್ಟೆ ಕೆಡಲಿ ಅಂತಾನಾ? ಅಂಥಾ ಹರಕೆ ನಮ್ಮ ಮನೇಲಿಲ್ಲಮ್ಮ."

"ಸುಮ್ನೆ ಇವಳಿಗೆ ಒಳ್ಳೇದಾಗಲಿ ಅನ್ನಿ ಅತ್ತೆ. ಮಿಕ್ಕಿದ್ದು ಅವನು ನೋಡ್ಕೋತಾನೆ."

ಪಂದ್ಯಗಳು ಒಂದೊಂದಾಗಿ ಮುಗಿಯುತ್ತಿದ್ದವು. ಯಾರೂ ಕುಂಟಲಿಲ್ಲ, ಯಾರೂ ಕೆಮ್ಮಲಿಲ್ಲ. ಅಷ್ಟು ಆರೋಗ್ಯವಂತ ಹುಡುಗಿಯರನ್ನು ಒಟ್ಟಿಗೆ ನೋಡಿ ನನಗೆ ಅಷ್ಟು ಬೇಜಾರು ಯಾವತ್ತೂ ಆಗಿರಲಿಲ್ಲ. ಊಟದ ಹೊತ್ತು ಕಳೆಯಿತು. ದೊಡ್ಡವಳು ಮೊಸರನ್ನ ತಿಂದು ಡಬ್ಬಿಯನ್ನೂ ತೊಳೆದು ತಂದಳು. ಆಮೇಲೆ ಟೂರ್ನಿಯ ಅಧಿಕಾರಿ ಬೇಗ ಬೇಗ ನಡೆದು ಬಂದರು. ಹಿಂದಿನ ವಾರ ಬೇರೊಂದು ಊರಿನಲ್ಲಿ ಕಪ್ ಗೆದ್ದಿದ್ದ ಆಟಗಾರ್ತಿಯೊಬ್ಬಳು, ತನಗೆ ವಿಪರೀತ ಸುಸ್ತು, ಮನೆಗೆ ಹೋಗುತ್ತೇನೆ ಅಂದಳಂತೆ. "ನೀವು ತಯಾರಿದ್ದೀರಾ?" ಎಂದು ದೊಡ್ಡವಳನ್ನು ಕೇಳಿದರು.

"ಸದ್ಯ, ಯಾರ ಮೈಗೂ ನೋವಾಗಲಿಲ್ಲ. ಗೆದ್ದು ಸುಸ್ತಾದೋಳು, ಹೋಗಿ ಮಲಗಲಿ ಪಾಪ" ಎಂದು ಅತ್ತೆ ಆಕಾಶಕ್ಕೆ ಕೈಮುಗಿದರು.

ಎದುರಾಳಿ ಕಜಕಸ್ತಾನದವಳು, ಗಟ್ಟಿಗಿತ್ತಿ. ದೊಡ್ಡವಳು ಅವತ್ತು ಆಡಿದ ರೀತಿಯನ್ನು ನಾನು ಬಣ್ಣಿಸಲಾರೆ, ನನಗೆ ಆ ಆಟದ ಮಾತು ಬರುವುದಿಲ್ಲ. ಪ್ರತಿ ಚೆಂಡಿಗೂ ಓಡಿದಳು, ಸಿಗದ ಚೆಂಡಿಗೂ ಓಡಿದಳು. ಚಿಕ್ಕವಳ ಪಂದ್ಯ ಮಾರನೆಯ ದಿನಕ್ಕಿತ್ತು. ಅವಳು ಬೇಲಿಯ ತಂತಿಗೆ ಮುಖ ಒತ್ತಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ನಾನೂ ಕೂಗಿದೆ. ಇವತ್ತು ಎರಡು ಕಡೆ ಚಪ್ಪಾಳೆ ತಟ್ಟುವ ಕಷ್ಟವಿರಲಿಲ್ಲ. ಎದುರಿನವಳು ಹೊಡೆದ ಕೊನೆಯ ಚೆಂಡು ನೆಟ್ಟಿಗೆ ಬಿದ್ದು ಸತ್ತಿತು. ದೊಡ್ಡವಳು ಅಂಗಳದ ನಡುವೆ ಮಂಡಿಯೂರಿ ಕೂತುಬಿಟ್ಟಳು.

ಗೆದ್ದಳು. ಪಾಯಿಂಟು ಬಂತು. ರ‍್ಯಾಂಕಿಂಗಿನಲ್ಲಿ ಹೆಸರು ಉಳಿಯಿತು.

ಹೊರಗೆ ಬಂದವಳು ಚಿಕ್ಕವಳನ್ನು ನೆಲದಿಂದ ಮೇಲೆತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು. ಬೆವರಿನ ಕೈಯಲ್ಲೇ ಫೋನು ತೆಗೆದು ಊರಿಗೆ ಕರೆ ಮಾಡಿದಳು. ಅವರಲ್ಲಿ ಆಗಿನ್ನೂ ಬೆಳಗ್ಗೆ. ಅವರಪ್ಪ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದರೋ ಏನೋ, ಒಂದೇ ರಿಂಗಿಗೆ ಎತ್ತಿಕೊಂಡರು.

"ಅಪ್ಪಾ, ನಾನು ಮನೆಗೆ ಬರ್ತಾ ಇಲ್ಲ" ಅಂದಳು. ಅಷ್ಟೇ ಅವಳಿಂದಾದದ್ದು.

"ಏನಂದಳೇ?" ಎಂದು ಅತ್ತೆ ನನ್ನ ತೋಳು ಜಗ್ಗಿದರು.

"ಮನೆಗೆ ಬರಲ್ಲ ಅಂದಳು ಅತ್ತೆ."

"ಅಯ್ಯೋ, ಹೆತ್ತವರಿಗೆ ಹಾಗನ್ನಬಾರದು! ಎಷ್ಟು ನೊಂದ್ಕೋತಾರೋ..." ಅನ್ನುವಷ್ಟರಲ್ಲಿ ಫೋನಿನಿಂದ ಒಂದು ದೊಡ್ಡ ಗಂಡಸಿನ ಅಳು ನಮಗೆಲ್ಲ ಕೇಳಿಸಿತು. ಅತ್ತೆಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಫೋನು ತೆಗೆದುಕೊಂಡು, "ಅಳಬೇಡಿ ಕಣ್ರೀ. ನಿಮ್ಮ ಹುಡುಗಿ ಇಲ್ಲಿ ಚೆನ್ನಾಗಿ ಉಂಡ್ಕೊಂಡು ತಿಂದ್ಕೊಂಡು ಇದಾಳೆ. ನಾವೆಲ್ಲ ಇದೀವಿ" ಎಂದು ಕನ್ನಡದಲ್ಲೇ ಸಮಾಧಾನ ಹೇಳಿದರು. ಆ ಕಡೆಯಿಂದ ಅವರು ಮತ್ತೆ ಮತ್ತೆ ಏನನ್ನೋ ಕೇಳುತ್ತಿದ್ದರು. ಅರ್ಥವಾಗದೆ ಅತ್ತೆ ಫೋನನ್ನು ನನಗೆ ಕೊಟ್ಟು, "ಏನ್ ಕೇಳ್ತಿದಾರೆ ನೋಡೇ" ಅಂದರು.

ಕೇಳಿಸಿಕೊಂಡೆ.

"ಬರಲ್ಲ ಅಂತ ಇನ್ನೊಂದು ಸಲ ಹೇಳೋಕೆ ಹೇಳಿ ಅಂತಿದಾರೆ ಅತ್ತೆ."

ದೊಡ್ಡವಳು ಫೋನು ಇಸಿದುಕೊಂಡು, ಕ್ಲಬ್ಬಿನವರೆಲ್ಲ ತಿರುಗಿ ನೋಡುವ ಹಾಗೆ, ಇನ್ನೊಂದು ಸಲ ಹೇಳಿದಳು.